ಸರ್ಕಾರದ ಕೋಡ್ ಯಾರ ಸೊತ್ತು?

2024ರ ಜುಲೈ 5ರಂದು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ತಂತ್ರಾಂಶದಲ್ಲಿ ಒಂದು ಬದಲಾವಣೆ ಆಯಿತು. ಹೊಸ ತೆರಿಗೆ ಪದ್ಧತಿಯಲ್ಲಿ 7 ಲಕ್ಷ ರೂಪಾಯಿವರೆಗಿನ ವಾರ್ಷಿಕ ಆದಾಯದವರಿಗೆ ಸೆಕ್ಷನ್ 87ಎ ಅಡಿ 25,000 ರೂಪಾಯಿವರೆಗೆ ರಿಯಾಯಿತಿ ಇತ್ತು. ಅದಕ್ಕೂ ಮೊದಲು ರಿಟರ್ನ್ ಸಲ್ಲಿಸಿದವರು ಷೇರು ಮಾರಿ ಬಂದ ಅಲ್ಪಾವಧಿ ಲಾಭದ ಮೇಲೂ ಆ ರಿಯಾಯಿತಿ ಕೇಳಬಹುದಿತ್ತು. ಅಂದಿನಿಂದ ತಂತ್ರಾಂಶ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನಡುವೆ ಸಂಸತ್ತು ಆ ವರ್ಷದ ಕಾಯ್ದೆಯನ್ನು ತಿದ್ದಿರಲಿಲ್ಲ. ಕಾಯ್ದೆಗೆ ಇಲಾಖೆ ಮಾಡಿಕೊಂಡ ಒಂದು ಅರ್ಥ ಪ್ರೋಗ್ರಾಮಿನೊಳಗೆ ಸೇರಿಕೊಂಡಿತ್ತು. ತೆರಿಗೆ ಸಲಹೆಗಾರರ ಸಂಸ್ಥೆಯೊಂದು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ರಿಯಾಯಿತಿ ಸಲ್ಲುತ್ತದೋ ಇಲ್ಲವೋ ಎಂಬುದು ವಾದ ಪ್ರತಿವಾದದಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆ, ಅದನ್ನು ಕೇಳುವ ದಾರಿಯನ್ನೇ ತಂತ್ರಾಂಶ ಮುಚ್ಚುವಂತಿಲ್ಲ ಎಂದು 2025ರ ಜನವರಿಯಲ್ಲಿ ಕೋರ್ಟು ಹೇಳಿತು.

ಈ ಬದಲಾವಣೆ ಜನರಿಗೆ ಗೊತ್ತಾದದ್ದು ಪರದೆಯ ಮೇಲಿನ ಮೊತ್ತ ನೋಡಿ. ಯಾವ ದಿನ, ಯಾವ ಸಾಲು, ಯಾರ ಆದೇಶದಂತೆ, ಯಾವ ಕಾರಣಕ್ಕೆ ಬದಲಾಯಿತು ಎಂಬುದನ್ನು ನೋಡಲು ಹೊರಗಿನವರಿಗೆ ದಾರಿಯಿರಲಿಲ್ಲ. ಅದೇ ಇಲಾಖೆ 2021ರ ಆಗಸ್ಟಿನಲ್ಲಿ, ಸೆಕ್ಷನ್ 234ಎ ಬಡ್ಡಿ ಮತ್ತು 234ಎಫ್ ತಡ ಶುಲ್ಕದ ಲೆಕ್ಕದಲ್ಲಿ ತಂತ್ರಾಂಶ ತಪ್ಪಿತ್ತು, ಸರಿಪಡಿಸಿದ್ದೇವೆ, ಹೆಚ್ಚು ಕಟ್ಟಿದವರಿಗೆ ಹಣ ಮರಳುತ್ತದೆ ಎಂದು ತಾನಾಗಿ ಪ್ರಕಟಿಸಿತ್ತು. ಆ ಪ್ರಾಮಾಣಿಕತೆಗೆ ಬೆಲೆಯಿದೆ. ಆದರೆ ತಪ್ಪನ್ನು ಒಪ್ಪಿಕೊಳ್ಳುವುದು ಇಲಾಖೆಯ ದೊಡ್ಡತನಕ್ಕೆ ಬಿಟ್ಟ ವಿಷಯವಾಗಿ ಉಳಿಯಬಾರದು. ಪಿಂಚಣಿ, ಪಡಿತರ, ಪಹಣಿ, ತೆರಿಗೆ, ಕಾಲೇಜು ಸೀಟು ಇವೆಲ್ಲವನ್ನೂ ಕೊನೆಗೆ ತೀರ್ಮಾನಿಸುವುದು ಕೋಡ್ ಎಂದಾದ ಮೇಲೆ, ಗೆಜೆಟ್ ಎಷ್ಟು ಸಾರ್ವಜನಿಕವೋ ಆ ಕೋಡ್ ಕೂಡ ಅಷ್ಟೇ ಸಾರ್ವಜನಿಕವಾಗಬೇಕು. ಹೀಗೆ ವಾದಿಸುವವರ ಜೊತೆ ನಾನಿದ್ದೇನೆ. ಕಳೆದ ಹದಿನೈದು ವರ್ಷಗಳಲ್ಲಿ ಹಲವು ಸರ್ಕಾರಗಳು ಇದನ್ನು ಮಾಡಲು ಹೊರಟಿವೆ. ಕೆಲವು ಮಾಡಿವೆ, ಕೆಲವು ಅರ್ಧಕ್ಕೆ ನಿಂತಿವೆ.

ತೆರಿಗೆಯ ವಿಷಯದಲ್ಲಿ ಫ್ರಾನ್ಸಿನಲ್ಲಿ ನಡೆದದ್ದನ್ನು ಮೊದಲು ನೋಡಬೇಕು. ಅಲ್ಲಿನ ತೆರಿಗೆ ಇಲಾಖೆ ಆದಾಯ ತೆರಿಗೆಯ ಲೆಕ್ಕಕ್ಕೆಂದೇ 1990ರ ಸುಮಾರಿಗೆ 'ಎಂ' ಎಂಬ ಸ್ವಂತ ಪ್ರೋಗ್ರಾಮಿಂಗ್ ಭಾಷೆ ರೂಪಿಸಿಕೊಂಡಿತ್ತು. ಆ ಕೋಡ್ ತನಗೆ ಬೇಕೆಂದು ಸಂಶೋಧಕರೊಬ್ಬರು ಕೇಳಿದರು. ಇಲಾಖೆ ಕೊಡಲಿಲ್ಲ. ನಮ್ಮ ಮಾಹಿತಿ ಆಯೋಗವನ್ನು ಹೋಲುವ ಅಲ್ಲಿನ ಆಯೋಗ, ಸೋರ್ಸ್ ಕೋಡ್ ಕೂಡ ಆಡಳಿತದ ದಾಖಲೆಯೇ, ಕೇಳಿದವರಿಗೆ ಕೊಡಬೇಕು ಎಂದು 2015ರ ಜನವರಿಯಲ್ಲಿ ಅಭಿಪ್ರಾಯ ಕೊಟ್ಟಿತು. ಮರುವರ್ಷ ಪ್ಯಾರಿಸ್ಸಿನ ಆಡಳಿತ ನ್ಯಾಯಾಲಯವೂ ಅದನ್ನೇ ಹೇಳಿತು. 2016ರ ಏಪ್ರಿಲಿನಲ್ಲಿ ಕೋಡ್ ಹೊರಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಜಾರಿಯಾದ ಡಿಜಿಟಲ್ ಗಣರಾಜ್ಯ ಕಾಯ್ದೆ, ಸೋರ್ಸ್ ಕೋಡನ್ನು ಸಾರ್ವಜನಿಕ ದಾಖಲೆಗಳ ಪಟ್ಟಿಯಲ್ಲಿ ಹೆಸರು ಹೇಳಿಯೇ ಸೇರಿಸಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹೊರಬಂದ ಕೋಡನ್ನು ಯಾರೂ ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ ಇಲಾಖೆಯ ಲೆಕ್ಕವನ್ನೇ ಪಡೆಯಲು ಸಾಧ್ಯವಿರಲಿಲ್ಲ. 'ಎಂ' ಭಾಷೆಯನ್ನು ಅರ್ಥಮಾಡಿಕೊಳ್ಳುವ ಸಾಧನ ಇಲಾಖೆಯ ಒಳಗಷ್ಟೇ ಇತ್ತು. ಲೆಕ್ಕದ ಹಂತಗಳನ್ನು ಒಂದಕ್ಕೊಂದು ಜೋಡಿಸುವ ಇನ್ನೊಂದು ಭಾಗವನ್ನು ಭದ್ರತೆಯ ಕಾರಣ ಹೇಳಿ ಹೊರಗೆ ಬಿಟ್ಟಿರಲಿಲ್ಲ. ಇನ್ರಿಯಾ ಸಂಶೋಧನಾ ಸಂಸ್ಥೆಯವರು ಆ ಭಾಷೆಗೆ ಹೊಸದಾಗಿ 'ಎಂಲ್ಯಾಂಗ್' ಎಂಬ ಕಂಪೈಲರ್ ಬರೆದು, ಇಲಾಖೆಯ ಜೊತೆ ಕೂತು, ಬಿಟ್ಟುಹೋದ ತುಣುಕುಗಳನ್ನು ಕೂಡಿಸಿದ ಮೇಲೆಯೇ ಆ ಲೆಕ್ಕ ಹೊರಗೂ ಓಡಿತು. ಕೋಡ್ ಪ್ರಕಟವಾಗುವುದಕ್ಕೂ ಅದು ಬಳಕೆಗೆ ಬರುವುದಕ್ಕೂ ನಡುವಿನ ದೂರ ಇಷ್ಟು ದೊಡ್ಡದು.

ಅದೇ ದೇಶದ ಇನ್ನೊಂದು ಪ್ರಸಂಗ ವಿದ್ಯಾರ್ಥಿಗಳದ್ದು. ಪದವಿ ಪ್ರವೇಶದ ಸೀಟು ಹಂಚುತ್ತಿದ್ದ ತಂತ್ರಾಂಶದ ಕೋಡನ್ನು ಪ್ರೌಢಶಾಲಾ ವಿದ್ಯಾರ್ಥಿಗಳ ಹಕ್ಕುಗಳ ಸಂಘಟನೆಯೊಂದು ಕೇಳಿದಾಗ, 2016ರಲ್ಲಿ ಶಿಕ್ಷಣ ಸಚಿವಾಲಯ ಅದನ್ನು ಕಾಗದದಲ್ಲಿ ಅಚ್ಚುಹಾಕಿ ಕಳಿಸಿತು. ಓದಬಹುದು, ಓಡಿಸಲಾಗದು. 2018ರಲ್ಲಿ ಅದರ ಜಾಗಕ್ಕೆ ಬಂದ 'ಪಾರ್ಕೂರ್‌ಸುಪ್' ವ್ಯವಸ್ಥೆಯ ಕೋಡನ್ನು ಸರ್ಕಾರವೇ ಪ್ರಕಟಿಸಿತು. ಆದರೆ ಅಭ್ಯರ್ಥಿಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಒಂದೊಂದು ಕಾಲೇಜಿನ ಸಮಿತಿಯ ಒಳಗೆ, ಅವರವರ ಲೆಕ್ಕದ ಹಾಳೆಗಳಲ್ಲಿ ನಡೆಯುತ್ತಿತ್ತು. ಅದು ಸಮಾಲೋಚನೆಯ ಗೋಪ್ಯತೆಯ ಹೆಸರಿನಲ್ಲಿ ಮುಚ್ಚಿಯೇ ಇತ್ತು. ಎಲ್ಲರೂ ಜಗಳವಾಡುತ್ತಿದ್ದ ತೀರ್ಮಾನ, ತೆರೆದಿಟ್ಟ ಕೋಡಿನ ಹೊರಗೆ ಉಳಿದುಬಿಟ್ಟಿತು. ಸರ್ಕಾರವೊಂದು "ನಮ್ಮ ಕೋಡ್ ಮುಕ್ತ" ಎಂದಾಗ ಯಾವ ಭಾಗ ಮುಕ್ತ ಎಂದು ಕೇಳಬೇಕಾದ್ದು ಇದಕ್ಕೇ.

ಫ್ರಾನ್ಸಿನ ದಾರಿ ಕಾನೂನಿನದು. ಬ್ರಿಟನ್ನಿನದು ದಿನನಿತ್ಯದ ಕೆಲಸದ ರೂಢಿಯದು. 2011ರಲ್ಲಿ ಅಲ್ಲಿ ಸರ್ಕಾರಿ ಡಿಜಿಟಲ್ ಸೇವಾ ತಂಡ ಹುಟ್ಟಿತು. ನೂರಾರು ಸರ್ಕಾರಿ ವೆಬ್‌ಸೈಟುಗಳ ಜಾಗಕ್ಕೆ 2012ರ ಅಕ್ಟೋಬರಿನಲ್ಲಿ ಒಂದೇ ತಾಣ ತಂದಾಗ, ಆ ತಂಡ ಅದರ ಕೋಡನ್ನು ಗಿಟ್‌ಹಬ್‌ನಲ್ಲಿ ಎಲ್ಲರ ಮುಂದೆ ಇಟ್ಟಿತು. ತೆರೆದಿಟ್ಟರೆ ಕೆಲಸ ಉತ್ತಮವಾಗುತ್ತದೆ ಎಂಬುದು ಅವರ ವಿನ್ಯಾಸ ತತ್ವಗಳಲ್ಲಿ ಹತ್ತನೆಯದು. ಹೊಸದಾಗಿ ಬರೆದ ಕೋಡ್ ಮುಕ್ತವಾಗಿರಬೇಕು ಎಂಬುದು ನಂತರ ಇಡೀ ಸರ್ಕಾರದ ಸೇವಾ ಮಾನದಂಡಕ್ಕೆ ಸೇರಿತು. ಮುಚ್ಚಿಡಬೇಕಾದವನ್ನೂ ಅವರು ಗುರುತಿಸಿದ್ದಾರೆ: ಪಾಸ್‌ವರ್ಡ್ ಮತ್ತು ಕೀಲಿಗಳು, ವಂಚನೆ ಹಿಡಿಯುವ ಲೆಕ್ಕಗಳು, ಇನ್ನೂ ಘೋಷಣೆಯಾಗದ ನೀತಿಯನ್ನು ಬಯಲು ಮಾಡುವ ಕೋಡ್. ಉಳಿದದ್ದಕ್ಕೆಲ್ಲ, ಮುಚ್ಚಿಡುವವರೇ ಕಾರಣ ಕೊಡಬೇಕು.

ಮೊದಲ ದಿನದಿಂದ ತೆರೆದು ಬರೆಯುವುದಕ್ಕೂ, ಎಲ್ಲ ಮುಗಿದ ಮೇಲೆ ಒಂದು ಗಂಟು ಕಟ್ಟಿ ಹೊರಗೆ ಎಸೆಯುವುದಕ್ಕೂ ಇರುವ ವ್ಯತ್ಯಾಸ ತಂಡದ ಒಳಗಿದ್ದವರಿಗೆ ಚೆನ್ನಾಗಿ ಗೊತ್ತು. ನಾಲ್ಕು ಜನ ನೋಡುತ್ತಾರೆಂದರೆ ಪಾಸ್‌ವರ್ಡನ್ನು ಕೋಡಿನ ಮಧ್ಯೆ ಬರೆದಿಡುವ ಕೆಟ್ಟ ಅಭ್ಯಾಸ ತಾನಾಗಿ ಹೋಗುತ್ತದೆ. ಪ್ರತಿ ಬದಲಾವಣೆಯ ಜೊತೆಗೂ ಯಾಕೆ ಬದಲಿಸಿದೆ ಎಂದು ಎರಡು ಸಾಲು ಬರೆಯಲೇಬೇಕಾಗುತ್ತದೆ. ಆ ಎರಡು ಸಾಲುಗಳ ಸರಣಿಯೇ ಮುಂದೆ ಇಲಾಖೆಯ ನೆನಪಾಗಿ ಉಳಿಯುತ್ತದೆ; ಅಧಿಕಾರಿ ವರ್ಗವಾಗಿ ಹೋದರೂ, ಗುತ್ತಿಗೆ ಕಂಪನಿ ಬದಲಾದರೂ ಅದು ಅಳಿಯುವುದಿಲ್ಲ. ಕೊನೆಗೆ ಎಸೆದ ಗಂಟಿನಲ್ಲಿ ಈ ಚರಿತ್ರೆ ಇರುವುದಿಲ್ಲ. ಅಲ್ಲಿ ಕೋಡ್ ಇದ್ದರೂ ಕಾರಣಗಳಿಲ್ಲ. ಅದೇ ಬ್ರಿಟಿಷ್ ತಂಡ ನಾಗರಿಕರಿಗೆ ಎಸ್ಸೆಮ್ಮೆಸ್ ಮತ್ತು ಇಮೇಲ್ ಕಳಿಸಲು ಕಟ್ಟಿದ 'ನೋಟಿಫೈ' ಸೇವೆಯನ್ನು ಕೆನಡಾ ಸರ್ಕಾರ ಎತ್ತಿಕೊಂಡು, ತನ್ನ ಎರಡು ಅಧಿಕೃತ ಭಾಷೆಗಳಿಗೆ ಒಗ್ಗಿಸಿ, ತನ್ನದೇ ಸೇವೆಯಾಗಿ ನಡೆಸುತ್ತಿದೆ. ಆ ಕೋಡಿಗಾಗಿ ಯಾವ ಟೆಂಡರನ್ನೂ ಕರೆಯಬೇಕಾಗಲಿಲ್ಲ, ಯಾರ ಲೈಸೆನ್ಸ್ ಶುಲ್ಕವನ್ನೂ ಕಟ್ಟಬೇಕಾಗಲಿಲ್ಲ.

ಮುಚ್ಚಿಟ್ಟ ಕೋಡ್ ಮನುಷ್ಯರಿಗೆ ಏನು ಮಾಡಬಲ್ಲದು ಎಂಬುದಕ್ಕೂ ಸಾಕ್ಷಿ ಬ್ರಿಟನ್ನಿನಲ್ಲೇ ಇದೆ. ಅಂಚೆ ಕಚೇರಿಗಳಿಗೆ ಫುಜಿತ್ಸು ಕಂಪನಿ ಒದಗಿಸಿದ 'ಹೊರೈಜನ್' ಲೆಕ್ಕದ ವ್ಯವಸ್ಥೆ ಇಲ್ಲದ ಕೊರತೆಯನ್ನು ತೋರಿಸಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆ ಅಧಿಕಾರಿಗಳು ಕಳ್ಳತನ, ಸುಳ್ಳು ಲೆಕ್ಕದ ಆರೋಪಗಳಲ್ಲಿ ಶಿಕ್ಷೆಗೊಳಗಾದರು. ಕೆಲವರು ಜೈಲಿಗೆ ಹೋದರು, ಹಲವರು ಮನೆ ಮಾರಿದರು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದೇ ನ್ಯಾಯಾಲಯ ಭಾವಿಸಬೇಕೆಂಬ ನಿಯಮ ಅಲ್ಲಿತ್ತು. ತಪ್ಪಿದೆ ಎಂದು ತೋರಿಸುವ ಹೊಣೆ ಆರೋಪಿಯ ಮೇಲೆ ಬೀಳುತ್ತಿತ್ತು. ಹಳ್ಳಿಯ ಅಂಚೆ ಕಚೇರಿ ನಡೆಸುವ ಹೆಂಗಸು ಅದನ್ನು ತೋರಿಸುವುದು ಹೇಗೆ? ವ್ಯವಸ್ಥೆಯಲ್ಲಿ ಗೊತ್ತಿದ್ದ ದೋಷಗಳ ಪಟ್ಟಿಯೊಂದು ಕಂಪನಿಯ ಬಳಿ ಇತ್ತು. ಹೊರೈಜನ್‌ನಲ್ಲಿ ದೋಷಗಳಿದ್ದವು ಎಂದು ಕೋರ್ಟು ಹೇಳಿದ 2019ರ ತೀರ್ಪಿಗೆ ದಾರಿ ಮಾಡಿದ ದಾಖಲೆಗಳಲ್ಲಿ ಅದೂ ಒಂದು. ಕೋಡ್ ಮುಕ್ತವಾಗಿದ್ದರೆ ಸಾಕಿತ್ತು ಎಂದು ಹೇಳಲಾರೆ. ಲಕ್ಷಾಂತರ ಸಾಲುಗಳನ್ನು ಯಾರು ಓದುತ್ತಿದ್ದರು? ಆದರೆ ಆ ದೋಷಗಳ ಪಟ್ಟಿ ಮೊದಲೇ ಸಾರ್ವಜನಿಕವಾಗಿದ್ದರೆ ವಕೀಲರ ಕೈಗೆ ಆಧಾರ ಸಿಗುತ್ತಿತ್ತು. ಮುಕ್ತತೆಯ ಮಾತು ಬಂದಾಗ ಎಲ್ಲರೂ ಕೋಡಿನ ಬಗ್ಗೆ ಹೇಳುತ್ತಾರೆ. ತಪ್ಪುಗಳ ಪಟ್ಟಿಯೂ ಅಷ್ಟೇ ಮುಖ್ಯ.

ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ನೌಕರರು ಬರೆದದ್ದಕ್ಕೆ ದೇಶದೊಳಗೆ ಕೃತಿಸ್ವಾಮ್ಯವೇ ಇಲ್ಲ. ಆದರೂ 2016ರಲ್ಲಿ, ಇಲಾಖೆಗಳಿಗಾಗಿ ಹೊಸದಾಗಿ ಬರೆಸಿದ ಕೋಡಿನಲ್ಲಿ ಶೇ 20ರಷ್ಟನ್ನಾದರೂ ಮುಕ್ತಗೊಳಿಸಿ ಎಂದು ಪ್ರತ್ಯೇಕ ಆದೇಶ ಬೇಕಾಯಿತು. ಅಲ್ಲಿಂದ ಕಲಿಯಬೇಕಾದ ಪಾಠ ಇತ್ತೀಚಿನದು. 2014ರಿಂದ ಎಲ್ಲವನ್ನೂ ತೆರೆದೇ ಬರೆಯುತ್ತಿದ್ದ '18ಎಫ್' ಎಂಬ ಸರ್ಕಾರಿ ತಂಡವನ್ನು 2025ರ ಮಾರ್ಚ್ 1ರಂದು ರಾತ್ರೋರಾತ್ರಿ ಮುಚ್ಚಲಾಯಿತು. ಅವರ ಕೋಡ್ ಮತ್ತು ಕೈಪಿಡಿಗಳು ಮೊದಲೇ ಎಲ್ಲರಿಗೂ ಸಿಗುತ್ತಿದ್ದುದರಿಂದ ಅಳಿಯಲಿಲ್ಲ. ತೆರಿಗೆ ಇಲಾಖೆ ತಾನೇ ಉಚಿತವಾಗಿ ನಡೆಸುತ್ತಿದ್ದ ರಿಟರ್ನ್ ಸಲ್ಲಿಕೆ ಸೇವೆ 'ಡೈರೆಕ್ಟ್ ಫೈಲ್' 2025ರಲ್ಲಿ 25 ರಾಜ್ಯಗಳಲ್ಲಿತ್ತು. ಅದರ ಕೋಡ್ ಆ ವರ್ಷವೇ ಪ್ರಕಟವಾಯಿತು, ಸೇವೆ 2026ಕ್ಕೆ ಇಲ್ಲ ಎಂದೂ ತೀರ್ಮಾನವಾಯಿತು. ಕೋಡ್ ಉಳಿದಿದೆ, ಸೇವೆಯಿಲ್ಲ. ಕೋಡನ್ನು ನಡೆಸುವ ಮನುಷ್ಯರು, ಸರ್ವರ್, ಫೋನ್ ಎತ್ತುವ ಸಿಬ್ಬಂದಿ ಇಲ್ಲದೆ ತೆರಿಗೆದಾರರಿಗೆ ಅದರಿಂದ ಪ್ರಯೋಜನವಿಲ್ಲ. ಮುಂದೆ ಇನ್ನೊಂದು ಸರ್ಕಾರ ಮನಸ್ಸು ಮಾಡಿದರೆ ಸೊನ್ನೆಯಿಂದ ಶುರುಮಾಡಬೇಕಿಲ್ಲ ಎಂಬುದಷ್ಟೇ ಉಳಿದ ಲಾಭ.

ಇಟಲಿ ತನ್ನ ಡಿಜಿಟಲ್ ಆಡಳಿತ ಸಂಹಿತೆಯಲ್ಲೇ ಸರ್ಕಾರಿ ತಂತ್ರಾಂಶಗಳ ಮರುಬಳಕೆಯನ್ನು ಕಡ್ಡಾಯ ಮಾಡಿದೆ. ಸ್ವಿಟ್ಜರ್ಲೆಂಡ್ 2024ರ ಜನವರಿಯಿಂದ ಒಕ್ಕೂಟದ ಇಲಾಖೆಗಳು ಕೋಡ್ ಪ್ರಕಟಿಸಬೇಕೆಂಬ ಕಾಯ್ದೆ ಜಾರಿಗೆ ತಂದಿದೆ. ಎಸ್ಟೋನಿಯಾ ಮತ್ತು ಫಿನ್ಲೆಂಡ್ ತಮ್ಮ ದತ್ತಾಂಶ ವಿನಿಮಯದ 'ಎಕ್ಸ್‌-ರೋಡ್' ವ್ಯವಸ್ಥೆಯನ್ನು 2017ರಲ್ಲಿ ಜಂಟಿ ಸಂಸ್ಥೆ ಕಟ್ಟಿಕೊಂಡು ಬೆಳೆಸುತ್ತಿವೆ.

ಇಷ್ಟೆಲ್ಲ ಹೇಳಿದರೂ ನಮ್ಮ ಕಚೇರಿಗಳಲ್ಲಿ ಎದುರಾಗುವ ಮೊದಲ ಪ್ರಶ್ನೆ ಒಂದೇ: ತೆರೆದಿಟ್ಟರೆ ಹ್ಯಾಕ್ ಮಾಡುವುದಿಲ್ಲವೇ? ಪ್ರಶ್ನೆ ನ್ಯಾಯವಾದದ್ದು, ಉತ್ತರ ಹಳೆಯದು. ಗುಪ್ತಲಿಪಿಯ ಭದ್ರತೆ ಅದರ ಕೀಲಿಯ ಗುಟ್ಟಿನಲ್ಲಿರಬೇಕು, ಯಂತ್ರದ ಗುಟ್ಟಿನಲ್ಲಿ ಅಲ್ಲ ಎಂದು ಗುಪ್ತಲಿಪಿ ತಜ್ಞ ಕೆರ್ಕ್‌ಹಾಫ್ಸ್ 1883ರಲ್ಲೇ ಬರೆದರು. ಬೀಗದ ಒಳರಚನೆ ಊರಿಗೆಲ್ಲ ಗೊತ್ತಿದ್ದರೂ ಕೀಲಿ ನಿಮ್ಮ ಜೇಬಿನಲ್ಲಿದ್ದರೆ ಮನೆ ಭದ್ರ. ನಾವು ಬಳಸುವ ಬ್ಯಾಂಕಿಂಗ್, ಮೊಬೈಲ್, ಸರ್ವರ್‌ಗಳ ತಳದಲ್ಲಿರುವ ಲಿನಕ್ಸ್ ಕೂಡ ತೆರೆದ ಕೋಡೇ. ಆದರೆ ತೆರೆದಿಟ್ಟ ಮಾತ್ರಕ್ಕೆ ಭದ್ರತೆ ಬಂದುಬಿಡುವುದಿಲ್ಲ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಮುಕ್ತ ತಂತ್ರಾಂಶದಲ್ಲಿ ಸಿಕ್ಕ ದೋಷ ಜಗತ್ತಿನ ಸರ್ಕಾರಗಳ ನಿದ್ದೆ ಕೆಡಿಸಿತು. ಎಲ್ಲರೂ ನೋಡಬಹುದಾದ ಕೋಡನ್ನು ಯಾರೋ ಒಬ್ಬರು ನಿಜವಾಗಿ ನೋಡಬೇಕು, ತಪ್ಪು ತಿಳಿಸಿದವರಿಗೆ ಉತ್ತರ ಕೊಡಬೇಕು, ಅದಕ್ಕೆ ಸಂಬಳ ಪಡೆಯುವ ಜನ ಇರಬೇಕು.

ಭಾರತದಲ್ಲಿ ನೀತಿಗೆ ಕೊರತೆಯಿಲ್ಲ. 2015ರಲ್ಲಿ ಕೇಂದ್ರ ಸರ್ಕಾರ ಮುಕ್ತ ತಂತ್ರಾಂಶ ಬಳಕೆಯ ನೀತಿಯನ್ನೂ, ಸರ್ಕಾರಿ ಅಪ್ಲಿಕೇಶನ್‌ಗಳ ಸೋರ್ಸ್ ಕೋಡ್ ತೆರೆದು ಸಹಭಾಗಿತ್ವದಲ್ಲಿ ಬೆಳೆಸುವ ನೀತಿಯನ್ನೂ ಹೊರಡಿಸಿತು. ಅದಕ್ಕೆಂದೇ 'ಓಪನ್‌ಫೋರ್ಜ್' ಎಂಬ ವೇದಿಕೆ ಕಟ್ಟಿತು. ಕಾನೂನೂ ಅಡ್ಡಿಯಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಒಂದು ಸಾಹಿತ್ಯ ಕೃತಿ, ಬೇರೆ ಒಪ್ಪಂದ ಇಲ್ಲದಿದ್ದರೆ ಸರ್ಕಾರಿ ಕೃತಿಯ ಮೊದಲ ಒಡೆಯ ಸರ್ಕಾರವೇ. ಮಾಹಿತಿ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ಕೃತಿಸ್ವಾಮ್ಯದ ಕಾರಣಕ್ಕೆ ಮಾಹಿತಿ ನಿರಾಕರಿಸಲು ಬಿಡುವುದು, ಆ ಹಕ್ಕು ಸರ್ಕಾರದ ಹೊರತು ಬೇರೆಯವರದ್ದಾಗಿದ್ದಾಗ ಮಾತ್ರ. ಎಂದರೆ ಇಲಾಖೆ ತಾನೇ ಬರೆಸಿ ಒಡೆತನ ಪಡೆದ ಕೋಡಿಗೆ ಆ ನೆಪ ಸಿಗುವುದಿಲ್ಲ. ಉಳಿಯುವುದು ಭದ್ರತೆ ಮತ್ತು ವ್ಯಾಪಾರದ ಗುಟ್ಟು ಎಂಬ ಎರಡು ವಿನಾಯಿತಿಗಳು. ಎರಡನ್ನೂ ನಮ್ಮಲ್ಲಿ ಧಾರಾಳವಾಗಿ ಬಳಸುತ್ತಾರೆ. ಕೋರ್ಟಿನ ದಾರಿಯೂ ಸುಲಭವಲ್ಲ: ಮತಯಂತ್ರದ ಸೋರ್ಸ್ ಕೋಡಿನ ಸ್ವತಂತ್ರ ಪರಿಶೀಲನೆ ಬೇಕೆಂಬ ಅರ್ಜಿಯನ್ನು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ವಜಾ ಮಾಡಿತು.

ಆರೋಗ್ಯ ಸೇತು ಈ ನೀತಿಯ ದೊಡ್ಡ ಪರೀಕ್ಷೆ. 2020ರ ಏಪ್ರಿಲ್ 2ರಂದು ಬಂದ ಆ ಕೊರೊನಾ ಸಂಪರ್ಕ ಪತ್ತೆ ಆ್ಯಪ್, ಕೆಲವು ವಾರಗಳಲ್ಲೇ ಕೋಟ್ಯಂತರ ಜನರ ಫೋನು ಸೇರಿತು. ಆ್ಯಪನ್ನು ಬಿಚ್ಚಿ ನೋಡುವುದನ್ನು ಅದರ ಮೊದಲ ಷರತ್ತುಗಳು ನಿಷೇಧಿಸಿದ್ದವು. ಟೀಕೆ ಬಂದ ಮೇಲೆ ಮೇ 26ರಂದು ಆಂಡ್ರಾಯ್ಡ್ ಆವೃತ್ತಿಯ ಕೋಡ್ ಹೊರಬಂತು, ದೋಷ ಹುಡುಕಿದವರಿಗೆ ಬಹುಮಾನವೂ ಘೋಷಣೆಯಾಯಿತು. ಭಾರತದಂಥ ದೊಡ್ಡ ದೇಶ ಇಷ್ಟು ಮಾಡಿದ್ದು ಸಣ್ಣ ಸಂಗತಿಯಲ್ಲ. ಆದರೆ ಜನರ ಓಡಾಟದ ವಿವರ ಹೋಗಿ ಸೇರುತ್ತಿದ್ದ ಸರ್ವರಿನ ಕೋಡ್ ಆಗ ಬರಲಿಲ್ಲ. ಜನರಿಗಿದ್ದ ಆತಂಕವೆಲ್ಲ ಸರ್ವರಿನ ಬಗ್ಗೆಯೇ. ಅದೇ ವರ್ಷದ ಅಕ್ಟೋಬರಿನಲ್ಲಿ, ಆ್ಯಪ್ ರೂಪಿಸಿದವರು ಯಾರು ಎಂಬ ಮಾಹಿತಿ ಹಕ್ಕಿನ ಪ್ರಶ್ನೆಗೆ ಮಾಹಿತಿ ಇಲ್ಲ ಎಂಬ ಉತ್ತರ ಬಂದದ್ದಕ್ಕೆ ಕೇಂದ್ರ ಮಾಹಿತಿ ಆಯೋಗ ಅಧಿಕಾರಿಗಳಿಗೆ ನೋಟಿಸ್ ಕೊಟ್ಟಿತು. ಜರ್ಮನಿ ತನ್ನ ಕೊರೊನಾ ಆ್ಯಪಿನ ಕೋಡನ್ನು, ಸರ್ವರಿನ ಭಾಗವನ್ನೂ ಸೇರಿಸಿ, ಆ್ಯಪ್ ಬಿಡುಗಡೆಗೂ ಮುನ್ನವೇ ಹೊರಗಿಟ್ಟು ಟೀಕೆಗಳನ್ನು ಆಹ್ವಾನಿಸಿತ್ತು. ಎರಡರ ನಡುವಿನ ಅಂತರ ಕೆಲವು ವಾರಗಳದ್ದು ಮಾತ್ರ ಎನಿಸಬಹುದು. ಆ ಅಂತರದಲ್ಲಿ ನಂಬಿಕೆ ಹುಟ್ಟುತ್ತದೆ ಅಥವಾ ಸಾಯುತ್ತದೆ.

ತೆಲಂಗಾಣದ ಪಡಿತರ ಚೀಟಿಗಳದ್ದು ಇನ್ನೂ ಕಠಿಣವಾದ ಪ್ರಸಂಗ. 2016ರಿಂದೀಚೆಗೆ ರದ್ದಾದ ಸುಮಾರು 19 ಲಕ್ಷ ಚೀಟಿಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಬೇಕೆಂದು 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ನೋಟಿಸ್ ಕೊಡದೆ, ಕಂಪ್ಯೂಟರಿನ ಲೆಕ್ಕವನ್ನೇ ನಂಬಿ ರದ್ದು ಮಾಡಿದರು ಎಂಬುದು ಅರ್ಜಿದಾರರ ದೂರು. ಹೆಸರು, ವಿಳಾಸ, ವಾಹನ, ಆಸ್ತಿಗಳ ಬೇರೆಬೇರೆ ಪಟ್ಟಿಗಳನ್ನು ಹೊಂದಿಸಿ ನೋಡುವ ತಂತ್ರಾಂಶ, ಎಷ್ಟು ಹೋಲಿಕೆಯಿದ್ದರೆ ಇಬ್ಬರನ್ನು ಒಬ್ಬರೆಂದು ಭಾವಿಸುತ್ತದೆ? ಆ ಒಂದು ಅಂಕಿಯಲ್ಲಿ ಒಂದು ಕುಟುಂಬದ ಅಕ್ಕಿ ಇರುತ್ತದೆ. ಕರ್ನಾಟಕದಲ್ಲೂ ಕುಟುಂಬ ದತ್ತಾಂಶವನ್ನು ಆಧರಿಸಿ ಸೌಲಭ್ಯಗಳು ಹಂಚಿಕೆಯಾಗುತ್ತಿವೆ. ಗೃಹಲಕ್ಷ್ಮಿಯ 2,000 ರೂಪಾಯಿ ಸಿಗಬೇಕಾದರೆ ಮಹಿಳೆಯಾಗಲಿ ಗಂಡನಾಗಲಿ ತೆರಿಗೆ ಕಟ್ಟುವವರ ಪಟ್ಟಿಯಲ್ಲಿರಬಾರದು. ಆ ಹೊಂದಾಣಿಕೆಯನ್ನು ನೋಡುವುದು ಯಂತ್ರವೇ. ತಿರಸ್ಕಾರವಾದ ಅರ್ಜಿ ಹಿಡಿದು ನಾಡಕಚೇರಿಗೆ ಹೋದವರಿಗೆ "ಸಿಸ್ಟಮ್‌ನಲ್ಲಿ ಹಾಗೇ ಬರುತ್ತಿದೆ" ಎಂಬುದಕ್ಕಿಂತ ಒಳ್ಳೆಯ ಉತ್ತರ ಸಿಗಬೇಕು.

ನೋವಾಗುವುದು ಇಲ್ಲಿ: ಜಗತ್ತಿಗೆ ಮುಕ್ತ ಸರ್ಕಾರಿ ಕೋಡ್ ಬರೆದುಕೊಡುವ ಊರುಗಳಲ್ಲಿ ಬೆಂಗಳೂರು ಮುಂಚೂಣಿಯಲ್ಲಿದೆ. ಐಐಐಟಿ ಬೆಂಗಳೂರಿನಲ್ಲಿ 2018ರಲ್ಲಿ ಶುರುವಾದ 'ಮೋಸಿಪ್' ರಾಷ್ಟ್ರೀಯ ಗುರುತಿನ ವ್ಯವಸ್ಥೆಯ ಮುಕ್ತ ತಂತ್ರಾಂಶ. ಫಿಲಿಪೀನ್ಸ್, ಇಥಿಯೋಪಿಯಾದಂಥ ದೇಶಗಳು ಅದರ ಮೇಲೆ ತಮ್ಮ ವ್ಯವಸ್ಥೆ ಕಟ್ಟಿವೆ. ಅದಕ್ಕೆ ಸ್ಫೂರ್ತಿಯಾದ ಆಧಾರ್‌ನ ಕೇಂದ್ರ ವ್ಯವಸ್ಥೆಯ ಕೋಡ್ ಹಾಗೆ ಸಿಗುವುದಿಲ್ಲ. 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇಗವರ್ನಮೆಂಟ್ಸ್ ಫೌಂಡೇಶನ್, ಆಸ್ತಿ ತೆರಿಗೆ, ನೀರಿನ ಬಿಲ್ಲು, ಅಹವಾಲುಗಳ ತಂತ್ರಾಂಶ 'ಡಿಜಿಟ್' ಅನ್ನು ಮುಕ್ತವಾಗಿ ಕೊಡುತ್ತದೆ. ಕೋವಿಡ್ ಲಸಿಕೆಯ ಪ್ರಮಾಣಪತ್ರಕ್ಕೆ ಬಳಕೆಯಾದ 'ಡೈವಾಕ್' ಕೂಡ ಬೆಂಗಳೂರಿನದೇ. ಪ್ರತಿಭೆ, ಅನುಭವ, ರೂಢಿ ಮೂರೂ ಇಲ್ಲೇ ಇವೆ. ರಾಜ್ಯ ಸರ್ಕಾರದ ಕಾವೇರಿ, ಇ-ಖಾತಾ, ಸೇವಾ ಸಿಂಧು ಪೋರ್ಟಲ್‌ಗಳ ಒಳಗೆ ಏನಿದೆ ಎಂಬುದನ್ನು ಮಾತ್ರ ಇಲ್ಲಿನವರು ನೋಡಲಾರರು.

ಭೂಮಿ ಯೋಜನೆಯನ್ನು ಈ ಸಂದರ್ಭದಲ್ಲಿ ಮರೆಯಬಾರದು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಎನ್‌ಐಸಿ ತಂಡ ಬರೆದ ತಂತ್ರಾಂಶದ ಮೇಲೆ, ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ತಾಲ್ಲೂಕು ಕಿಯಾಸ್ಕ್‌ಗಳಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಅಲ್ಲಿ ರೈತರ ಕಡೆಗೆ ಮುಖ ಮಾಡಿದ ಎರಡನೆಯ ಪರದೆ ಇತ್ತು. ಆಪರೇಟರ್ ಏನು ನೋಡುತ್ತಿದ್ದಾರೋ ಅದನ್ನೇ ರೈತರೂ ನೋಡುತ್ತಿದ್ದರು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ಕ್ರಮದಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟಿಹಾಕಿತ್ತು. ಸಾಲು ತಪ್ಪಿಸಲು ಕೊಡುತ್ತಿದ್ದ ಲಂಚಕ್ಕೆ ಅದರಿಂದ ಪೆಟ್ಟು ಬಿತ್ತು. ಆ ನಿಯಮ ಜನಪರವಾಗಿತ್ತು, ಸರಿ. ಮುಂದೆ ಯಾರಾದರೂ ಸದ್ದಿಲ್ಲದೆ ಅದನ್ನು ಸಡಿಲಿಸಿದರೆ ತಿಳಿಯುವುದು ಹೇಗೆ? ಪರದೆ ತಿರುಗಿಸಿದ ಧೈರ್ಯವನ್ನು ಆ ಪರದೆಯ ಹಿಂದಿನ ನಿಯಮಕ್ಕೂ ವಿಸ್ತರಿಸಬೇಕಿತ್ತು.

ಕನ್ನಡದ ಸಂಗತಿಯೊಂದನ್ನೂ ಹೇಳಬೇಕು. ಸರ್ಕಾರಿ ಪೋರ್ಟಲ್‌ಗಳಲ್ಲಿ ಕನ್ನಡ ಎಷ್ಟೋ ಕಡೆ ಅರ್ಥವಾಗದಂತಿರುತ್ತದೆ. ಕನ್ನಡದ ಗುಂಡಿ ಒತ್ತಿದವರು ಇಂಗ್ಲಿಷಿಗೇ ಮರಳುತ್ತಾರೆ. ಪರದೆಯ ಮೇಲೆ ಕಾಣುವ ಪದಗಳೆಲ್ಲ ಕೋಡಿನ ಜೊತೆ ಒಂದು ಬೇರೆ ಕಡತದಲ್ಲಿರುತ್ತವೆ. ಆ ಕಡತವನ್ನಾದರೂ ತೆರೆದಿಟ್ಟರೆ ಪದ ತಿದ್ದಿಕೊಡುವವರು ನಮ್ಮಲ್ಲಿ ಎಷ್ಟು ಜನ ಬೇಕು? ಫೈರ್‌ಫಾಕ್ಸ್ ಬ್ರೌಸರನ್ನೂ ವಿಕಿಪೀಡಿಯದ ತಂತ್ರಾಂಶವನ್ನೂ ಕನ್ನಡಕ್ಕೆ ತಂದವರು ಸಂಜೆಯ ಬಿಡುವಿನಲ್ಲಿ ದುಡಿದ ಕನ್ನಡಿಗರೇ. ಇದಕ್ಕೆ ಭದ್ರತೆಯ ಅಡ್ಡಿ ಎಳ್ಳಷ್ಟೂ ಇಲ್ಲ.

ಎಲ್ಲವನ್ನೂ ನಾಳೆಯೇ ತೆರೆಯಿರಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಇಪ್ಪತ್ತು ವರ್ಷಗಳ ಹಳೆಯ ಕೋಡಿನಲ್ಲಿ ಪಾಸ್‌ವರ್ಡುಗಳೂ ಜನರ ವಿವರಗಳೂ ಬೆರೆತು ಹೋಗಿರುತ್ತವೆ, ಅದನ್ನು ಶುಚಿ ಮಾಡುವುದೇ ದೊಡ್ಡ ಕೆಲಸ. ಶುರು ಮಾಡಬೇಕಾದ್ದು ಮುಂದಿನ ಟೆಂಡರಿನಿಂದ. ಕೋಡಿನ ಒಡೆತನ ಇಲಾಖೆಯದು, ಅದು ಮೊದಲ ದಿನದಿಂದ ಸಾರ್ವಜನಿಕ ಭಂಡಾರದಲ್ಲಿ ಬೆಳೆಯಬೇಕು, ಮುಚ್ಚಿಡುವ ಭಾಗಕ್ಕೆ ಬರಹದಲ್ಲಿ ಕಾರಣ ಕೊಡಬೇಕು ಎಂಬ ಷರತ್ತುಗಳು ಅದರಲ್ಲಿರಲಿ. ಹೊರಗಿನಿಂದ ಬಂದ ದೋಷದ ವರದಿಗೆ ಉತ್ತರಿಸುವ ಹೊಣೆ ಒಬ್ಬ ಅಧಿಕಾರಿಯ ಹುದ್ದೆಯ ಕೆಲಸದಲ್ಲೇ ಸೇರಲಿ. ಮತ್ತೆ, ರಾಜ್ಯ ಸರ್ಕಾರ ನಡೆಸುವ ಮಾಹಿತಿ ಕಣಜದಲ್ಲಿ ಈಗಾಗಲೇ ಯಾವ ಪಂಚಾಯಿತಿಯಲ್ಲಿ ಯಾರಿಗೆ ಯಾವ ಸೌಲಭ್ಯ ಸಿಕ್ಕಿತು ಎಂಬ ಪಟ್ಟಿಗಳಿವೆ. ಆ ಪಟ್ಟಿ ತಯಾರಾದದ್ದು ಯಾವ ನಿಯಮದಿಂದ, ಆ ನಿಯಮ ಕೋಡಿನಲ್ಲಿ ಕೊನೆಯ ಬಾರಿ ಬದಲಾದದ್ದು ಯಾವ ದಿನ, ಯಾವ ಸುತ್ತೋಲೆಯಂತೆ ಎಂಬ ಮೂರು ಅಂಕಣಗಳನ್ನು ಅದರ ಪಕ್ಕದಲ್ಲಿ ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸಾಕು.